ಲಿವರ್ ರೋಗಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ: ತೂಕ, ಉಪ್ಪು, ಸಂಡಾಸು, ಎಚ್ಚರ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಓದುಗರು ಮತ್ತೆ ಮತ್ತೆ ಕೇಳುವುದು ಇದನ್ನೇ: "ಡಿಸ್ಚಾರ್ಜ್ ಮಾಡ್ಯಾರ, ಗುಳಿಗಿ ಬರದು ಕೊಟ್ಟಾರ. ಇನ್ನ ಮನ್ಯಾಗ ಏನ್ ಮಾಡೂದು, ಏನ್ ಉಣ್ಣಾಕ ಕೊಡೂದು?" ಆಸ್ಪತ್ರೆಯಲ್ಲಿ ನರ್ಸ್ ದಿನಕ್ಕೆ ನಾಲ್ಕೈದು ಸಲ ಬಂದು ನೋಡುತ್ತಿದ್ದದ್ದನ್ನು ಮನೆಯಲ್ಲಿ ಯಾರು ನೋಡಬೇಕು, ಯಾವಾಗ, ಹೇಗೆ ಎಂಬುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇವೆ.

ಹೆಚ್ಚಿನ ಜಾಗ ಸಿರೋಸಿಸ್ ಆದವರಿಗೆ. ಸಿರೋಸಿಸ್ ಅಂದರೆ ಲಿವರ್ (ಯಕೃತ್ತು) ಒಳಗೊಳಗೇ ಗಾಯವಾಗಿ, ಮಾಯ್ದು, ಕೊನೆಗೆ ಗಂಟುಗಂಟಾಗಿ ಬಿರುಸಾಗುವುದು. ಕುಡಿತ, ಹೆಪಟೈಟಿಸ್ ಬಿ ಮತ್ತು ಸಿ, ಸಕ್ಕರೆ ಕಾಯಿಲೆ ಹಾಗೂ ಬೊಜ್ಜಿನ ಜೊತೆ ಬರುವ ಕೊಬ್ಬಿನ ಲಿವರ್ ಇದಕ್ಕೆ ಮುಖ್ಯ ಕಾರಣಗಳು. ಪಿತ್ತಕೋಶ ಮತ್ತು ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ರೋಗಿಗಳ ವಿಷಯ ಕೊನೆಯ ಹಂತಗಳಲ್ಲಿದೆ. ನಿಮ್ಮ ಡಿಸ್ಚಾರ್ಜ್ ಕಾರ್ಡಿನಲ್ಲಿ ಬೇರೆ ರೀತಿ ಬರೆದಿದ್ದರೆ ಕಾರ್ಡಿನ ಮಾತೇ ನಡೆಯಲಿ.

ಮೊದಲು ಈ ಸಾಮಾನು ಹೊಂದಿಸಿಕೊಳ್ಳಿ: ಡಿಜಿಟಲ್ ತೂಕದ ಯಂತ್ರ, ದರ್ಜಿಯ ಟೇಪು, ಔಷಧ ಅಳೆಯುವ 15 ಮಿಲಿಯ ಮುಚ್ಚಳ, ಥರ್ಮಾಮೀಟರ್, ತೋಳಿಗೆ ಕಟ್ಟುವ ಬಿಪಿ ಯಂತ್ರ, ಒಂದು ನೋಟ್‌ಬುಕ್, ಒಂದು ಪೆನ್ನು. ಇಷ್ಟರಲ್ಲಿ ನೋಟ್‌ಬುಕ್ಕಿನದೇ ಹೆಚ್ಚಿನ ಕೆಲಸ. ಲಿವರ್ ರೋಗಿ ಒಂದೇ ರಾತ್ರಿಯಲ್ಲಿ ಕೆಡುವುದು ಕಡಿಮೆ. ಎರಡು ಮೂರು ದಿನ ಮೊದಲೇ ತೂಕ ಏರಿರುತ್ತದೆ, ಸಂಡಾಸು ನಿಂತಿರುತ್ತದೆ, ನಿದ್ದೆ ತಿರುವುಮುರುವಾಗಿರುತ್ತದೆ. ಬರೆದಿಟ್ಟ ಮನೆಯವರಿಗೆ ಇದು ಕಾಣುತ್ತದೆ. ಬರೆಯದವರು "ನಿನ್ನಿ ತನಕ ಛಲೋನೇ ಇದ್ರು" ಎನ್ನುತ್ತ ಕ್ಯಾಷುವಾಲ್ಟಿಗೆ ಬರುತ್ತಾರೆ.

1. ಮುಂಜಾನೆಯ ತೂಕ

ಎದ್ದು, ಮೂತ್ರಕ್ಕೆ ಹೋಗಿ ಬಂದ ಮೇಲೆ, ಚಹಾ ಕುಡಿಯುವ ಮೊದಲು ತೂಕ ನೋಡಿ. ದಿನಾ ಒಂದೇ ಹೊತ್ತು, ಒಂದೇ ಯಂತ್ರ, ಹೆಚ್ಚುಕಡಿಮೆ ಒಂದೇ ಬಟ್ಟೆ. ಯಂತ್ರವನ್ನು ಶಹಾಬಾದಿ ಹಾಸಿನ ಮೇಲೆ ಅಲ್ಲಾಡದಂತೆ ಇಡಿ. ಚಾಪೆ, ಜಮಖಾನದ ಮೇಲಿಟ್ಟರೆ ಅಂಕಿ ತಪ್ಪುತ್ತದೆ.

ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ನೀರು ಇಳಿಸುವ ಗುಳಿಗೆ ಕೊಟ್ಟಿರುತ್ತಾರೆ. ಸಾಮಾನ್ಯವಾಗಿ ಸ್ಪೈರೊನೊಲ್ಯಾಕ್ಟೋನ್, ಜೊತೆಗೆ ಫ್ಯೂರೊಸೆಮೈಡ್. ಇವು ಕೆಲಸ ಮಾಡುತ್ತಿವೆಯೋ, ಅತಿಯಾಗಿ ಮಾಡುತ್ತಿವೆಯೋ ಎಂದು ಹೇಳುವುದು ತೂಕವೇ. ಹೊಟ್ಟೆಯಲ್ಲಿ ಮಾತ್ರ ನೀರಿದ್ದರೆ ದಿನಕ್ಕೆ ಅರ್ಧ ಕೆಜಿಗಿಂತ ಹೆಚ್ಚು ಇಳಿಯಬಾರದು. ಕಾಲು ಕೂಡ ಬಾತಿದ್ದರೆ ಒಂದು ಕೆಜಿವರೆಗೆ ನಡೆದೀತು. ಅದಕ್ಕಿಂತ ಬೇಗ ಇಳಿದರೆ ಸಂತೋಷಪಡಬೇಡಿ. ಮೈಯ ನೀರು ಬತ್ತಿ ಕಿಡ್ನಿಗೆ ಪೆಟ್ಟು ಬೀಳುತ್ತದೆ, ತಲೆಗೆ ಮಂಪರು ಏರುತ್ತದೆ. ವಿಜಯಪುರದ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ, ಅಥವಾ ವಾಂತಿ-ಭೇದಿ ಹತ್ತಿಕೊಂಡಾಗ, ಇದೇ ಡೋಸು ಅತಿಯಾಗಬಹುದು. ಅಂಥ ದಿನ ವೈದ್ಯರಿಗೆ ಫೋನ್ ಮಾಡಿ ಕೇಳಿಯೇ ಗುಳಿಗೆ ಕೊಡಿ.

ತದ್ವಿರುದ್ಧವಾಗಿ, ಒಂದು ದಿನದಲ್ಲಿ ಒಂದು ಕೆಜಿ ಅಥವಾ ವಾರದಲ್ಲಿ ಎರಡು ಕೆಜಿ ಏರಿದರೆ ನೀರು ಮತ್ತೆ ತುಂಬುತ್ತಿದೆ ಎಂದರ್ಥ. ಮುಂದಿನ ತಪಾಸಣೆಯ ತಾರೀಖಿನವರೆಗೆ ಕಾಯಬೇಡಿ.

ಈ ಗುಳಿಗೆಗಳನ್ನು ಮುಂಜಾನೆಯೇ ಕೊಡಿ. ಸಂಜೆ ಕೊಟ್ಟರೆ ರೋಗಿ ರಾತ್ರಿ ನಾಲ್ಕು ಸಲ ಏಳಬೇಕು, ಕತ್ತಲಲ್ಲಿ ಎಡವಿ ಬೀಳಬೇಕು. ಸ್ಪೈರೊನೊಲ್ಯಾಕ್ಟೋನಿನಿಂದ ಕೆಲವು ಗಂಡಸರಿಗೆ ಎದೆ ಉಬ್ಬಿ ನೋಯುತ್ತದೆ. ನಾಚಿಕೆಯಿಂದ ಹೇಳದೆ ಗುಳಿಗೆ ಬಿಟ್ಟುಬಿಡುವವರು ಬಹಳ. ಹೇಳಿದರೆ ಬದಲಿ ಗುಳಿಗೆ ಇದೆ.

2. ಹೊಟ್ಟೆಯ ಸುತ್ತಳತೆ

ವಾರಕ್ಕೆ ಎರಡು ಸಲ ಸಾಕು. ಅಂಗಾತ ಮಲಗಿಸಿ, ಹೊಕ್ಕುಳದ ಮಟ್ಟದಲ್ಲಿ ಎರಡೂ ಪಕ್ಕೆಗೆ ಪೆನ್ನಿನಿಂದ ಗುರುತು ಹಾಕಿ, ಉಸಿರು ಬಿಟ್ಟ ಮೇಲೆ ಟೇಪು ಸುತ್ತಿ ಅಳೆಯಿರಿ. ಗುರುತಿಲ್ಲದೆ ಅಳೆದರೆ ಒಬ್ಬೊಬ್ಬರು ಅಳೆದಾಗ ಒಂದೊಂದು ಅಂಕಿ. ಹೊಕ್ಕುಳ ಉಬ್ಬಿ ಚರ್ಮ ತೆಳ್ಳಗೆ ಹೊಳೆಯುತ್ತಿದ್ದರೆ, ಅಲ್ಲಿಂದ ಒಂದು ಹನಿ ನೀರು ಜಿನುಗಿದರೂ ಅದೇ ದಿನ ಆಸ್ಪತ್ರೆ.

3. ಉಪ್ಪು

ದಿನದ ಲೆಕ್ಕ ಒಟ್ಟು 5 ಗ್ರಾಂ ಉಪ್ಪು. ಹಾಲು, ಕಾಯಿಪಲ್ಲೆಯಲ್ಲಿ ಸಹಜವಾಗಿ ಇರುವುದನ್ನು ಕಳೆದರೆ ಅಡುಗೆಗೆ ಉಳಿಯುವುದು ಮುಕ್ಕಾಲು ಟೀ ಚಮಚ, ಅದೂ ಮಟ್ಟಸವಾಗಿ. ಅಂದಾಜಿನಲ್ಲಿ ಇದು ಆಗದ ಕೆಲಸ. ಮುಂಜಾನೆ ಒಂದು ಸಣ್ಣ ಡಬ್ಬಿಗೆ ಅಷ್ಟು ಉಪ್ಪು ಹಾಕಿಡಿ. ಬೇಳೆ, ಪಲ್ಲೆ ಎಲ್ಲವನ್ನೂ ಉಪ್ಪಿಲ್ಲದೆ ಬೇಯಿಸಿ ರೋಗಿಯ ಪಾಲು ತೆಗೆದಿಟ್ಟು, ಆಮೇಲೆ ಉಳಿದವರಿಗೆ ಉಪ್ಪು ಹಾಕಿ. ರೋಗಿ ತನ್ನ ಡಬ್ಬಿಯಿಂದ ತಟ್ಟೆಯಲ್ಲೇ ಉದುರಿಸಿಕೊಳ್ಳಲಿ. ನಾಲಿಗೆಗೆ ತಾಗುವಂತೆ ಮೇಲೆ ಉದುರಿಸಿದ ಉಪ್ಪು, ಕುದಿಸುವಾಗ ಹಾಕಿದ್ದಕ್ಕಿಂತ ಹೆಚ್ಚು ರುಚಿ ಕೊಡುತ್ತದೆ. ಡಬ್ಬಿ ಖಾಲಿಯಾದರೆ ಆ ದಿನದ ಉಪ್ಪು ಮುಗಿಯಿತು.

ನಮ್ಮ ಕಡೆಯವರಿಗೆ ಒಂದು ಅನುಕೂಲವಿದೆ: ಜೋಳದ ರೊಟ್ಟಿಗೆ ಉಪ್ಪು ಹಾಕುವ ರೂಢಿಯೇ ಇಲ್ಲ. ತೊಂದರೆ ಇರುವುದು ರೊಟ್ಟಿಯ ಪಕ್ಕದಲ್ಲಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಇವೆಲ್ಲ ಉಪ್ಪಿನಲ್ಲೇ ಬಾಳುವ ಪದಾರ್ಥಗಳು. ಹಿಂಡಿಯನ್ನು ರೋಗಿಗೆಂದೇ ಉಪ್ಪಿಲ್ಲದೆ ಕುಟ್ಟಿಡಿ. ಬೆಳ್ಳುಳ್ಳಿ, ಜೀರಿಗೆ, ಹುಣಸೆ, ನಿಂಬೆ ಹೆಚ್ಚು ಮಾಡಿದರೆ ಕೊರತೆ ಅಷ್ಟು ತಿಳಿಯದು. ಚುರಮುರಿ ತಯಾರಿಸುವಾಗಲೇ ಅಕ್ಕಿಗೆ ಉಪ್ಪು ನೀರು ಹಿಡಿಸಿರುತ್ತಾರೆ, ಆದ್ದರಿಂದ "ಬರೇ ಚುರಮುರಿ" ಕೂಡ ಸಪ್ಪೆಯಲ್ಲ. ಗಿರ್ಮಿಟ್, ಮಿರ್ಚಿ ಭಜಿ, ಖಾರಿ, ಟೋಸ್ಟ್ ಸಹ ಹೀಗೇ. ಹೊಟ್ಟೆ ಉಬ್ಬರಕ್ಕೆ ಅಂಗಡಿಯಿಂದ ತರುವ ಬುರುಬುರು ಪುಡಿಯಲ್ಲಿ ಅಡುಗೆ ಸೋಡಾ ಇರುತ್ತದೆ. ಅದೂ ಸೋಡಿಯಮ್ಮೇ.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಒಂದು, "ಕಡಿಮೆ ಸೋಡಿಯಂ ಉಪ್ಪು" ಎಂದು ಮಾರುವ ಪ್ಯಾಕೆಟ್ ತರುವುದು. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್ ಮೈಯಲ್ಲಿ ಮೊದಲೇ ಪೊಟ್ಯಾಸಿಯಂ ಉಳಿಸುವ ಗುಳಿಗೆ. ಎರಡೂ ಕೂಡಿದರೆ ಹೃದಯದ ಬಡಿತ ತಪ್ಪುವ ಅಪಾಯ. ದಿನಾ ಎಳನೀರು ಕೊಡುವುದಕ್ಕೂ ಇದೇ ಆಕ್ಷೇಪ. ಇನ್ನೊಂದು ತಪ್ಪು, "ಹೊಟ್ಟೆಯಲ್ಲಿ ನೀರು ತುಂಬಿದೆ" ಎಂದು ಕುಡಿಯುವ ನೀರನ್ನೇ ನಿಲ್ಲಿಸುವುದು. ಹೊಟ್ಟೆಗೆ ನೀರನ್ನು ಎಳೆದು ಹಿಡಿದಿಡುವುದು ಉಪ್ಪು. ರಕ್ತದಲ್ಲಿ ಸೋಡಿಯಂ ತೀರಾ ಇಳಿದಾಗ ಮಾತ್ರ ವೈದ್ಯರು ನೀರಿಗೆ ಮಿತಿ ಹಾಕುತ್ತಾರೆ, ಹಾಕಿದರೆ ಎಷ್ಟು ಲೀಟರ್ ಎಂದು ಬರೆದೇ ಕೊಡುತ್ತಾರೆ.

4. ಊಟ

ಲಿವರ್ ಕೆಟ್ಟವರಿಗೆ ಗಂಜಿ, ಸಪ್ಪೆ ಅನ್ನ, ಕಬ್ಬಿನ ಹಾಲು ಮಾತ್ರ ಎಂಬ ನಂಬಿಕೆ ಇನ್ನೂ ಬಲವಾಗಿದೆ. ಬೇಳೆ, ಮೊಟ್ಟೆ "ಹೀಟ್" ಎಂದು ಬಿಡಿಸುತ್ತಾರೆ. ಫಲ ಏನೆಂದರೆ ಎರಡು ತಿಂಗಳಲ್ಲಿ ತೋಳು, ತೊಡೆಯ ಮಾಂಸ ಕರಗಿ ಹೊಟ್ಟೆ ಮಾತ್ರ ಉಳಿಯುತ್ತದೆ. ಲಿವರ್ ಸೋತಾಗ ಅಮೋನಿಯಾ ಎಂಬ ಕಸವನ್ನು ಒಂದಿಷ್ಟು ಮಟ್ಟಿಗೆ ಅರಗಿಸುವುದು ಮಾಂಸಖಂಡವೇ. ಅದನ್ನೂ ಕರಗಿಸಿಬಿಟ್ಟರೆ ಮಂಪರು ಬೇಗ ಬರುತ್ತದೆ.

ಬೇಕಾದ ಪ್ರೋಟೀನ್ ದಿನಕ್ಕೆ, ಒಂದು ಕೆಜಿ ತೂಕಕ್ಕೆ 1.2ರಿಂದ 1.5 ಗ್ರಾಂ. ತೂಕ ಅಂದರೆ ಹೊಟ್ಟೆಯ ನೀರು ಕಳೆದ ತೂಕ. 60 ಕೆಜಿಯವರಿಗೆ 72ರಿಂದ 90 ಗ್ರಾಂ ಆಯಿತು. ಮನೆಯ ಊಟದಲ್ಲಿ ಇದು ಹೀಗೆ ಕೂಡುತ್ತದೆ: ಮೂರು ಜೋಳದ ರೊಟ್ಟಿ (ಸುಮಾರು 150 ಗ್ರಾಂ ಹಿಟ್ಟು) 15 ಗ್ರಾಂ, 60 ಗ್ರಾಂ ತೊಗರಿ ಬೇಳೆ 13, ಒಂದು ಹಿಡಿ ನೆನೆಸಿದ ಹೆಸರುಕಾಳಿನ ಪಲ್ಲೆ 7, ಅರ್ಧ ಲೀಟರ್ ಹಾಲು 16, ಎರಡು ಬಟ್ಟಲು ಮೊಸರು 6, ಒಂದು ಹಿಡಿ ಶೇಂಗಾ 7, ಎರಡು ಮೊಟ್ಟೆಯ ಬಿಳಿ ಭಾಗ 7. ಒಟ್ಟು 70ರ ಮೇಲೆ. ಮೊಟ್ಟೆ ತಿನ್ನದ ಮನೆಯಲ್ಲಿ ಅದರ ಬದಲು ಝುಣಕ ಒಂದು ಹೊತ್ತು ಹೆಚ್ಚಾಗಲಿ. ಶೇಂಗಾ ಆರಿಸುವಾಗ ಮುರುಟಿದ್ದು, ಹಸಿರು-ಕಪ್ಪು ಬೂಸ್ಟು ಹಿಡಿದದ್ದನ್ನು ಎಸೆಯಿರಿ. ಆ ಬೂಸ್ಟಿನ ಅಫ್ಲಾಟಾಕ್ಸಿನ್ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ, ಲಿವರ್ ಕ್ಯಾನ್ಸರಿಗೆ ದಾರಿ ಮಾಡುತ್ತದೆ.

ಹೊಟ್ಟೆ ಬಿಗಿದಿರುವವರು ಒಂದೇ ಸಲ ಹೆಚ್ಚು ಉಣ್ಣಲಾರರು. ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಕೊಡಿ. ಎಚ್ಚರವಿರುವ ಹೊತ್ತಿನಲ್ಲಿ ಮೂರು-ನಾಲ್ಕು ತಾಸಿಗಿಂತ ಹೆಚ್ಚು ಹೊಟ್ಟೆ ಖಾಲಿ ಇರಬಾರದು. ಈ ಆರರಲ್ಲಿ ಒಂದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ: ಮಲಗುವ ಮೊದಲಿನ ತಿಂಡಿ. ಒಂದು ಲೋಟ ಹಾಲು, ಅದರಲ್ಲಿ ಮುರಿದು ಹಾಕಿದ ಒಂದು ರೊಟ್ಟಿ ಸಾಕು, ಸುಮಾರು 50 ಗ್ರಾಂ ಪಿಷ್ಟ ಸಿಗುತ್ತದೆ. ಗಟ್ಟಿಮುಟ್ಟಾದವರ ಲಿವರ್ ರಾತ್ರಿಗೆಂದು ಸಕ್ಕರೆ ಕೂಡಿಟ್ಟಿರುತ್ತದೆ. ಸಿರೋಸಿಸ್‌ನವರ ಬಳಿ ಆ ಗಂಟು ಇಲ್ಲ, ಬೆಳಗಾಗುವ ಹೊತ್ತಿಗೆ ಮೈ ತನ್ನ ಮಾಂಸವನ್ನೇ ತಿನ್ನುತ್ತಿರುತ್ತದೆ. ಸೋಮವಾರ, ಏಕಾದಶಿ, ರಂಜಾನ್ ಉಪವಾಸಗಳ ಬಗ್ಗೆ ಹಿರಿಯರು ಕೇಳಿದಾಗ ಹೇಳಬೇಕಾದ್ದೂ ಇದೇ ಮಾತು.

5. ಲ್ಯಾಕ್ಟುಲೋಸ್ ಮತ್ತು ಸಂಡಾಸಿನ ಲೆಕ್ಕ

ಹೆಚ್ಚು ಗೊಂದಲ ಆಗುವುದು ಇಲ್ಲಿಯೇ. ಕರುಳಿನಲ್ಲಿ ಹುಟ್ಟುವ ಅಮೋನಿಯಾ ಲಿವರ್ ದಾಟಿ ಮಿದುಳಿಗೆ ಹೋದರೆ ರೋಗಿ ಮಂಕಾಗುತ್ತಾನೆ. ಲ್ಯಾಕ್ಟುಲೋಸ್ ಎಂಬ ಸಿಹಿ ಸಿರಪ್ಪು ಕರುಳನ್ನು ಹುಳಿಯಾಗಿಸಿ ಅಮೋನಿಯಾವನ್ನು ಅಲ್ಲೇ ಹಿಡಿದು ಸಂಡಾಸಿನ ಜೊತೆ ಹೊರಹಾಕುತ್ತದೆ. ಅಂದರೆ ಮಲಬದ್ಧತೆ ಇಲ್ಲದವರಿಗೂ ಇದು ಬೇಕೇ ಬೇಕು.

ಗುರಿ: ದಿನಕ್ಕೆ ಎರಡರಿಂದ ಮೂರು ಸಲ ಮೆತ್ತಗಿನ ಸಂಡಾಸು. ಸಾಮಾನ್ಯ ಡೋಸು 15ರಿಂದ 30 ಮಿಲಿ, ದಿನಕ್ಕೆ ಎರಡು-ಮೂರು ಸಲ. ಅಡುಗೆ ಚಮಚದಿಂದ ಕೊಡಬೇಡಿ, ಮುಚ್ಚಳದಿಂದ ಅಳೆಯಿರಿ. ಸಿಹಿ ಹಿಡಿಸದಿದ್ದರೆ ಅರ್ಧ ಲೋಟ ನೀರಿನಲ್ಲಿ ಕದಡಿ, ನಿಂಬೆ ಹಿಂಡಿ. ನೋಟ್‌ಬುಕ್ಕಿನಲ್ಲಿ ಪ್ರತಿ ಸಲಕ್ಕೂ ಒಂದು ಗೆರೆ ಎಳೆಯಿರಿ.

ಗೆರೆ ಒಂದೇ ಇದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಡೋಸು ಸಾಲದು. ವೈದ್ಯರು ಹೇಳಿಕೊಟ್ಟ ಮಿತಿಯೊಳಗೆ ಹೆಚ್ಚಿಸಿ. ಗೆರೆ ನಾಲ್ಕು ದಾಟಿ ನೀರುನೀರಾಗಿ ಹೋಗುತ್ತಿದ್ದರೆ ಮುಂದಿನ ಡೋಸು ತಡೆದು ಫೋನ್ ಮಾಡಿ, ನೀರು ಬತ್ತಿದರೂ ಮಂಪರೇ ಬರುತ್ತದೆ. ಮೊದಲ ಸಲ ಸಡಿಲಾದ ಕೂಡಲೇ "ಭೇದಿ ಹತ್ತೇತಿ" ಎಂದು ಸಿರಪ್ಪು ನಿಲ್ಲಿಸಿ, ಮೇಲೆ ಭೇದಿ ನಿಲ್ಲಿಸುವ ಗುಳಿಗೆಯನ್ನೂ ನುಂಗಿಸುವುದು ಎಲ್ಲಕ್ಕಿಂತ ದುಬಾರಿಯಾಗುವ ತಪ್ಪು. ರಿಫಾಕ್ಸಿಮಿನ್ ಗುಳಿಗೆ ಬರೆದಿದ್ದರೆ ಅದು ಸಿರಪ್ಪಿನ ಜೊತೆಗೆ ಕೊಡುವಂಥದ್ದು. ಬೆಲೆ ಹೆಚ್ಚೆಂದು ಬಿಡುವ ಮೊದಲು ಕೇಳಿ.

6. ದಿನಕ್ಕೊಂದು ಸಹಿ

ಮಂಪರು ಅಂದರೆ ಎಚ್ಚರ ತಪ್ಪಿ ಬೀಳುವುದು ಅಂದುಕೊಂಡಿದ್ದರೆ ಮೊದಲ ಮೂರು ಮೆಟ್ಟಿಲು ತಪ್ಪಿಹೋಗುತ್ತವೆ. ಅದು ಶುರುವಾಗುವುದು ಹಗಲು ನಿದ್ದೆ, ರಾತ್ರಿ ಎಚ್ಚರದಿಂದ. ಆಮೇಲೆ ಸಣ್ಣದಕ್ಕೆ ಸಿಟ್ಟು, ಅಂಗಿ ಗುಂಡಿ ಹಾಕಲು ತಡವರಿಕೆ, ಕೇಳಿದ್ದನ್ನೇ ಮತ್ತೆ ಕೇಳುವುದು.

ದಿನಾ ಮುಂಜಾನೆ ತೂಕ ಬರೆದ ಮೇಲೆ ಅದೇ ಪುಟದಲ್ಲಿ ರೋಗಿಯಿಂದ ಸಹಿ ಮಾಡಿಸಿ. ಹತ್ತು ದಿನದ ಸಹಿಗಳು ಒಂದರ ಕೆಳಗೊಂದು ಇದ್ದಾಗ, ಹನ್ನೊಂದನೆಯದು ಸೊಟ್ಟಗಾಗಿ ಗೆರೆ ಬಿಟ್ಟು ಕೆಳಗಿಳಿದಿದ್ದರೆ ಯಾರಿಗಾದರೂ ಕಾಣುತ್ತದೆ. ಬರಹ ಬಾರದವರಿಗೆ ಕಡ್ಡಿಪೆಟ್ಟಿಗೆಯ ಕಡ್ಡಿಗಳಿಂದ ನಕ್ಷತ್ರದ ಆಕಾರ ಜೋಡಿಸಲು ಹೇಳಿ. ಇವತ್ತು ಯಾವ ವಾರ, ಸಂತೆ ಯಾವಾಗ ಎಂದು ಕೇಳಿ. 20ರಿಂದ ಹಿಂದಕ್ಕೆ ಎಣಿಸಲಿ. ಕೊನೆಗೆ, ಬಸ್ಸಿಗೆ ಕೈ ಅಡ್ಡ ಮಾಡಿದಂತೆ ಎರಡೂ ಕೈ ಮುಂದೆ ಚಾಚಿ, ಅಂಗೈ ಮೇಲಕ್ಕೆ ಬಾಗಿಸಿ, ಬೆರಳು ಅಗಲಿಸಿ ಅರ್ಧ ನಿಮಿಷ ಹಿಡಿಯಲಿ. ಅಂಗೈ ಹಕ್ಕಿಯ ರೆಕ್ಕೆಯಂತೆ ತಟಪಟ ಕೆಳಗೆ ಬಿದ್ದು ಮೇಲೇಳುತ್ತಿದ್ದರೆ ಅಮೋನಿಯಾ ಏರಿದೆ ಎಂಬ ಗುಮಾನಿ ಇರಲಿ.

ಮಂಪರಿನ ಹಿಂದೆ ಹೆಚ್ಚಾಗಿ ಒಂದು ಕಿಡಿ ಇರುತ್ತದೆ: ಸಂಡಾಸು ಕಟ್ಟಿದ್ದು, ಜ್ವರ ಅಥವಾ ಸೋಂಕು, ಹೊಟ್ಟೆಯೊಳಗೆ ರಕ್ತ ಸೋರಿದ್ದು, ನೀರು ಬತ್ತಿದ್ದು, ನಿದ್ದೆ ಗುಳಿಗೆ ನುಂಗಿದ್ದು. ವೈದ್ಯರು ಮೊದಲು ಕೇಳುವುದೂ ಇದನ್ನೇ. ನಿಮ್ಮ ಪುಸ್ತಕದಲ್ಲಿ ಉತ್ತರ ಇರಲಿ. ಸಕ್ಕರೆ ಕಾಯಿಲೆ ಇದ್ದರೆ ಬೆರಳು ಚುಚ್ಚಿ ಸಕ್ಕರೆ ನೋಡಿ, ಅದು ಇಳಿದರೂ ಇದೇ ಥರ ಕಾಣುತ್ತದೆ. ಅರೆ ಎಚ್ಚರದಲ್ಲಿರುವವರ ಬಾಯಿಗೆ ಸಿರಪ್ಪು, ನೀರು ಏನನ್ನೂ ಹುಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಒಮ್ಮೆ ಮಂಪರು ಬಂದುಹೋದವರ ಕೈಗೆ ಬೈಕು, ಟ್ರ್ಯಾಕ್ಟರ್ ಕೊಡಬೇಡಿ.

7. ರಕ್ತ

ಲಿವರ್ ಬಿರುಸಾದಾಗ ಅದರ ಮೂಲಕ ಹರಿಯಬೇಕಾದ ರಕ್ತ ಅನ್ನನಾಳದ ಸಿರೆಗಳಿಗೆ ನುಗ್ಗಿ ಅವು ಉಬ್ಬುತ್ತವೆ, ಒಡೆಯುತ್ತವೆ. ಒತ್ತಡ ತಗ್ಗಿಸಲು ಪ್ರೊಪ್ರನೊಲಾಲ್ ಅಥವಾ ಕಾರ್ವೆಡಿಲಾಲ್ ಕೊಡುತ್ತಾರೆ. ಕೊಡುವ ಮೊದಲು ನಾಡಿ ಮತ್ತು ಬಿಪಿ ನೋಡಿ. ನಾಡಿ 50ಕ್ಕಿಂತ ಅಥವಾ ಮೇಲಿನ ಬಿಪಿ 90ಕ್ಕಿಂತ ಕೆಳಗಿದ್ದರೆ ಗುಳಿಗೆ ಕೊಡದೆ ಫೋನ್ ಮಾಡಿ. ಬಿಪಿ ಚೆನ್ನಾಗಿದೆ, ಬಿಪಿ ಗುಳಿಗೆ ಯಾಕೆ ಎಂದು ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ.

ಸಂಡಾಸು ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ನಾತ ಬರುತ್ತಿದ್ದರೆ ಅದು ಜೀರ್ಣವಾದ ರಕ್ತ. ಕಬ್ಬಿಣಾಂಶದ ಗುಳಿಗೆ ನುಂಗುವವರಿಗೂ ಕಪ್ಪಾಗುತ್ತದೆ, ಆದರೆ ಅದು ಹಸಿರುಗಪ್ಪು, ಅಂಟು ಇರುವುದಿಲ್ಲ. ಸಂಶಯವಿದ್ದರೆ ರಕ್ತವೆಂದೇ ತಿಳಿಯಿರಿ. ರಕ್ತ ವಾಂತಿಯಾದರೆ ಎಡಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಕೊಡದೆ 108ಕ್ಕೆ ಕರೆ ಮಾಡಿ.

8. ಮನೆಯ ಔಷಧ ಡಬ್ಬಿಯಿಂದ ತೆಗೆದು ಎಸೆಯಬೇಕಾದವು

ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್. ಮೊಣಕಾಲು ನೋವಿಗೆಂದು ತಂದ ಬಣ್ಣದ ಗುಳಿಗೆಗಳಲ್ಲಿ ಇವೇ ಇರುತ್ತವೆ. ಕಿಡ್ನಿಗೆ ಏಟು, ರಕ್ತ ಸೋರುವ ಭಯ, ಎರಡೂ ಇವುಗಳಿಂದ. ತಮಾಷೆಯೆಂದರೆ ಎಲ್ಲರೂ ಹೆದರುವುದು ಪ್ಯಾರಾಸಿಟಮಾಲ್‌ಗೆ. ಅದನ್ನು ದಿನಕ್ಕೆ 2 ಗ್ರಾಂ, ಅಂದರೆ 500 ಮಿಗ್ರಾಂನ ನಾಲ್ಕು ಗುಳಿಗೆಯ ಮಿತಿಯೊಳಗೆ, ಕುಡಿತ ಬಿಟ್ಟವರಿಗೆ ಕೊಡಬಹುದು. ಆದರೆ ನೆಗಡಿಯ ಗುಳಿಗೆಯಲ್ಲೂ ಅದೇ ಅಡಗಿರುತ್ತದೆ, ಲೆಕ್ಕಕ್ಕೆ ಸೇರಿಸಿ. ಆಲ್ಪ್ರಜೊಲಾಮ್‌ನಂಥ ನಿದ್ದೆ ಗುಳಿಗೆ ಬೇಡವೇ ಬೇಡ.

ಕಾಮಣಿಗೆ (ಕಾಮಾಲೆ) ಕೊಡುವ ಹಳ್ಳಿ ಔಷಧದ ಬಗ್ಗೆ ನೇರವಾಗಿಯೇ ಹೇಳಬೇಕು. ನೀರಿನಿಂದ ಬರುವ ಹೆಪಟೈಟಿಸ್ ಎ, ಇ ಬಹುಮಂದಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತವೆ. ಹೆಸರು ಔಷಧಕ್ಕೆ ಬರುತ್ತದೆ. ಕಲ್ಲು ಅಡ್ಡಬಂದು ಹುಟ್ಟಿದ ಕಾಮಣಿ, ಗಡ್ಡೆಯ ಕಾಮಣಿ, ಸಿರೋಸಿಸ್‌ನ ಕಾಮಣಿ ಹಾಗೆ ಹೋಗುವುದಿಲ್ಲ. ಅಲ್ಲಿ ಹೋಗುವುದು ಸಮಯ. ಒಳಗೇನಿದೆ ಎಂದು ಗೊತ್ತಿಲ್ಲದ ಪುಡಿ, ಕಷಾಯ ಸೋತ ಲಿವರಿಗೆ ಹೊರೆ. ಅಮೃತಬಳ್ಳಿಯಿಂದ ಲಿವರ್ ಉರಿಯೂತ ಆದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ. ಕೈಗೆ ಬರೆ ಹಾಕಿಸಿದರೆ ರಕ್ತ ಬೇಗ ಹೆಪ್ಪುಗಟ್ಟದ ರೋಗಿಗೆ ಗಾಯ, ಕೀವು ಹೆಚ್ಚುವರಿ.

9. ಚರ್ಮ

ಪಿತ್ತ ರಕ್ತಕ್ಕೆ ಸೇರಿದಾಗ ತುರಿಕೆ ರಾತ್ರಿ ಹೆಚ್ಚು. ಉಗುರು ಗಿಡ್ಡ ಮಾಡಿ, ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ಮೈ ಹಸಿ ಇರುವಾಗಲೇ ಕೊಬ್ಬರಿ ಎಣ್ಣೆ, ಹತ್ತಿ ಬಟ್ಟೆ. ಕೊಲೆಸ್ಟೈರಮೀನ್ ಪುಡಿ ಬರೆದಿದ್ದರೆ ಉಳಿದ ಗುಳಿಗೆಗಳನ್ನು ಅದಕ್ಕಿಂತ ಒಂದು ತಾಸು ಮೊದಲು ಅಥವಾ ನಾಲ್ಕು ತಾಸು ನಂತರ ಕೊಡಿ, ಇಲ್ಲವಾದರೆ ಅವನ್ನೂ ಅದು ಹಿಡಿದುಕೊಂಡು ಹೊರಹೋಗುತ್ತದೆ. ಬಾತ ಕಾಲನ್ನು ಮಡಿಸಿದ ಕೌದಿಯ ಮೇಲೆ ಎತ್ತರಿಸಿ, ಹಿಮ್ಮಡಿ ಒತ್ತದಂತೆ. ಹಲ್ಲಿಗೆ ಮೆತ್ತನೆ ಬ್ರಷ್. ಇಂಜೆಕ್ಷನ್ ಆದ ಜಾಗವನ್ನು ಐದು ನಿಮಿಷ ಒತ್ತಿ ಹಿಡಿಯಿರಿ, ಉಜ್ಜಬೇಡಿ.

ಹೆಪಟೈಟಿಸ್ ಬಿ ಇರುವವರ ತಟ್ಟೆ-ಲೋಟ ಬೇರೆ ಮಾಡುವ ಅಗತ್ಯವಿಲ್ಲ. ಬೇರೆ ಇರಬೇಕಾದದ್ದು ರೇಜರ್, ಬ್ರಷ್, ಉಗುರು ಕತ್ತರಿ. ಮನೆಯವರು ರಕ್ತ ಪರೀಕ್ಷೆ ಮಾಡಿಸಿ 0, 1, 6ನೇ ತಿಂಗಳಿಗೆ ಮೂರು ಲಸಿಕೆ ಹಾಕಿಸಿಕೊಳ್ಳಲಿ.

10. ಪಕ್ಕೆಗೆ ಪಿತ್ತದ ಚೀಲ ಹಾಕಿಸಿಕೊಂಡವರು

ಪಿತ್ತನಾಳ ಕಟ್ಟಿದಾಗ ಚರ್ಮದ ಮೂಲಕ ಲಿವರಿನೊಳಗೆ ನಳಿಕೆ ಇಟ್ಟು ಪಿತ್ತವನ್ನು ಚೀಲಕ್ಕೆ ಹರಿಸುತ್ತಾರೆ. ಇದನ್ನು ಪಿಟಿಬಿಡಿ ಎನ್ನುತ್ತಾರೆ. ನಳಿಕೆ ಚರ್ಮ ಹೊಕ್ಕುವ ಜಾಗದಲ್ಲಿ ನಳಿಕೆಯ ಮೇಲೆ ಪೆನ್ನಿನ ಗೆರೆ ಹಾಕಿ. ಗೆರೆ ಹೊರಗೆ ಸರಿದಿದ್ದರೆ ನಳಿಕೆ ಜಾರಿದೆ. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೆ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂರುವುದು, ಮಲಗಿದಾಗ ಹಾಸಿಗೆಯ ಮೇಲೆ ಇಡುವುದು ಬೇಡ, ಪಿತ್ತ ಹಿಂದಕ್ಕೆ ಹರಿದು ಸೋಂಕಾಗುತ್ತದೆ. ನಳಿಕೆಯನ್ನು ಹೊಟ್ಟೆಗೆ ಇನ್ನೊಂದು ಕಡೆ ಟೇಪಿನಿಂದ ಅಂಟಿಸಿ, ಎಳೆತ ಅಲ್ಲಿ ತಡೆಯಲಿ.

ಚೀಲ ಅರ್ಧ ಮೀರಿದಾಗ ಖಾಲಿ ಮಾಡಿ: ಸೋಪಿನಿಂದ ಕೈ ತೊಳೆಯಿರಿ, ಕೆಳಗಿನ ನಲ್ಲಿ ತೆರೆದು ಅಳತೆಯ ಪಾತ್ರೆಗೆ ಹರಿಸಿ, ನಲ್ಲಿಯ ತುದಿ ಪಾತ್ರೆಗೆ ತಾಗದಿರಲಿ, ಮುಚ್ಚಿ, ಸ್ಪಿರಿಟ್ ಹತ್ತಿಯಿಂದ ತುದಿ ಒರೆಸಿ, ಎಷ್ಟು ಮಿಲಿ, ಯಾವ ಬಣ್ಣ ಎಂದು ಬರೆಯಿರಿ. ಬಂಗಾರದ ಹಳದಿಯಿಂದ ಕಡುಹಸಿರಿನವರೆಗೆ ಸರಿ. ಪೂರ್ತಿ ಹೊರಗೆ ಹರಿಯುವಾಗ ದಿನಕ್ಕೆ 400ರಿಂದ 800 ಮಿಲಿ ಬರಬಹುದು. ಲೀಟರ್ ದಾಟಿದರೆ ಮೈಯ ನೀರು, ಉಪ್ಪು ಎರಡೂ ಹೋಗುತ್ತಿವೆ. ದಿಢೀರ್ ನಿಂತರೆ ಮೊದಲು ನಳಿಕೆ ಮಡಚಿದೆಯೇ, ನಲ್ಲಿ ಅಡ್ಡ ತಿರುಗಿದೆಯೇ ನೋಡಿ.

ಸಲೈನ್ ಹಾಯಿಸಲು ವೈದ್ಯರು ಹೇಳಿದ್ದರೆ ಮಾತ್ರ ಹಾಯಿಸಿ, ಹೇಳಿದಷ್ಟೇ. ಸಾಮಾನ್ಯವಾಗಿ 5ರಿಂದ 10 ಮಿಲಿ. ಮೆಲ್ಲಗೆ ಒತ್ತಿ, ತಡೆ ಬಂದರೆ ನಿಲ್ಲಿಸಿ. ಸಿರಿಂಜನ್ನು ಹಿಂದಕ್ಕೆ ಎಳೆಯಲೇಬೇಡಿ, ಕರುಳಿನ ಕೊಳೆ ಪಿತ್ತನಾಳಕ್ಕೆ ಬರುತ್ತದೆ. ನಳಿಕೆ ಪೂರ್ತಿ ಹೊರಬಂದರೆ ತುರುಕಬೇಡಿ. ಸ್ವಚ್ಛ ಗಾಜ್ ಮುಚ್ಚಿ, ನಳಿಕೆಯನ್ನು ಕವರಿನಲ್ಲಿ ಹಾಕಿಕೊಂಡು ಕೂಡಲೇ ಹೊರಡಿ, ಒಂದೇ ದಿನ ತಡವಾದರೂ ದಾರಿ ಮುಚ್ಚಿಕೊಳ್ಳಬಹುದು.

ಎಂಡೋಸ್ಕೋಪಿಯ ಮೂಲಕ (ಇಆರ್‌ಸಿಪಿ) ಪಿತ್ತನಾಳದಲ್ಲಿ ಪ್ಲಾಸ್ಟಿಕ್ ಸ್ಟೆಂಟ್ ಇಡಿಸಿಕೊಂಡವರಿಗೆ ಒಂದೇ ಮಾತು, ಆದರೆ ಗಟ್ಟಿ ಮಾತು. ಅದು ಹೊರಗೆ ಕಾಣುವುದಿಲ್ಲ, ನೋಯುವುದಿಲ್ಲ, ಆದ್ದರಿಂದ ಮರೆತುಹೋಗುತ್ತದೆ. ಸುಮಾರು ಮೂರು ತಿಂಗಳಿಗೆ ಅದನ್ನು ತೆಗೆಯಬೇಕು ಅಥವಾ ಬದಲಿಸಬೇಕು, ಬಿಟ್ಟರೆ ಕಟ್ಟಿಕೊಂಡು ಪಿತ್ತನಾಳದಲ್ಲಿ ಕೀವಾಗುತ್ತದೆ. ತಾರೀಖನ್ನು ಇವತ್ತೇ ಗೋಡೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ.

11. ಪಿತ್ತಕೋಶ ತೆಗೆಸಿಕೊಂಡವರು

ದೂರ್ಬೀನಿನ ಆಪರೇಷನ್ ಆದ ಮೇಲೆ ಬಲ ಹೆಗಲು ನೋಯುವುದಕ್ಕೆ ಹೊಟ್ಟೆಗೆ ತುಂಬಿದ್ದ ಅನಿಲ ಕಾರಣ. ಎರಡು ಮೂರು ದಿನ ಮನೆಯೊಳಗೆ ಅಡ್ಡಾಡಿದರೆ ಹೋಗುತ್ತದೆ. ಮೊದಲ ಕೆಲವು ವಾರ ಎಣ್ಣೆ-ತುಪ್ಪ ಒಮ್ಮೆಲೇ ಬೇಡ, ಹಂಚಿ ಕೊಡಿ. ಎರಡು ಮೂರು ವಾರ ನೀರಿನ ಕೊಡ, ಸಿಲಿಂಡರ್ ಎತ್ತಬಾರದು. ಜ್ವರ, ಹೆಚ್ಚುತ್ತ ಹೋಗುವ ನೋವು, ಕಣ್ಣು ಹಳದಿ, ಮಣ್ಣಿನ ಬಣ್ಣದ ಸಂಡಾಸು ಇವುಗಳಲ್ಲಿ ಒಂದು ಕಂಡರೂ ಹಿಂದಿರುಗಿ. ತೆಗೆದ ಪಿತ್ತಕೋಶದ ಬಯಾಪ್ಸಿ ವರದಿಯನ್ನು ಕೇಳಿ ಪಡೆಯಿರಿ. ಕಲ್ಲಿಗೆಂದು ತೆಗೆದದ್ದರಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಸಿಗುತ್ತದೆ, ವರದಿ ಲ್ಯಾಬಿನಲ್ಲೇ ಉಳಿದರೆ ಯಾರಿಗೂ ತಿಳಿಯದು.

12. ಪ್ಯಾಂಕ್ರಿಯಾಸ್ ಉರಿಯೂತ ಆದವರು

ಪಿತ್ತದ ಕಲ್ಲು ಮತ್ತು ಕುಡಿತ ಇದರ ಎರಡು ದೊಡ್ಡ ಕಾರಣ. ಕಲ್ಲಿನಿಂದ ಆಗಿದ್ದರೆ ಪಿತ್ತಕೋಶ ತೆಗೆಸುವುದನ್ನು "ಸುಗ್ಗಿ ಮುಗೀಲಿ" ಎಂದು ಮುಂದೂಡಬೇಡಿ. ಕುಡಿತದಿಂದ ಆಗಿದ್ದರೆ ಬೀಡಿ-ಸಿಗರೇಟೂ ಜೊತೆಗೇ ಹೋಗಬೇಕು.

ಸಂಡಾಸು ಎಣ್ಣೆಯೆಣ್ಣೆಯಾಗಿ ತೇಲುತ್ತಿದ್ದರೆ, ಎಷ್ಟು ನೀರು ಸುರಿದರೂ ಅಂಟಿಕೊಂಡಿದ್ದರೆ ಕೊಬ್ಬು ಅರಗುತ್ತಿಲ್ಲ. ಅದಕ್ಕೆ ಎಂಜೈಮ್ ಕ್ಯಾಪ್ಸೂಲ್ ಕೊಡುತ್ತಾರೆ. ಊಟಕ್ಕೆ ಅರ್ಧ ತಾಸು ಮೊದಲು ನುಂಗಿದರೂ ದಂಡ, ಊಟ ಮುಗಿದ ಮೇಲೂ ದಂಡ. ಮೊದಲ ತುತ್ತಿನ ಜೊತೆ ಒಂದು, ಎರಡಿದ್ದರೆ ಇನ್ನೊಂದು ನಡುವೆ. ಅಗಿಯಬಾರದು, ಬಿಸಿ ಹಾಲು-ಚಹಾದ ಜೊತೆ ಬೇಡ. ಹಾಲು, ತಿಂಡಿಗೂ ಬೇಕು. ಎಣ್ಣೆಯನ್ನು ಪೂರ್ತಿ ನಿಲ್ಲಿಸಿದರೆ ತೂಕ ಇಳಿಯುತ್ತದೆ, ಕ್ಯಾಪ್ಸೂಲ್ ಸರಿಯಾಗಿ ನುಂಗಿ ಮಿತವಾಗಿ ತಿನ್ನುವುದೇ ಸರಿ. ಬೆಳಗಾವಿ ಕುಂದಾ, ಕರದಂಟು ಬಂದವರ ಕೈಯಲ್ಲಿ ಬಂದರೆ ಸಕ್ಕರೆ ಪರೀಕ್ಷೆ ನೆನಪಾಗಲಿ. ಇನ್ಸುಲಿನ್ ಹುಟ್ಟುವುದೂ ಇದೇ ಗ್ರಂಥಿಯಲ್ಲಿ. ಕೆಲವು ವಾರಗಳ ಮೇಲೆ ಮೇಲುಹೊಟ್ಟೆ ಭಾರ, ಎರಡು ತುತ್ತಿಗೇ ತುಂಬಿದಂತಾಗಿ ವಾಂತಿ ಬಂದರೆ ಒಳಗೆ ನೀರಿನ ಗಡ್ಡೆ ಕಟ್ಟಿರಬಹುದು, ಸ್ಕ್ಯಾನ್ ಮಾಡಿಸಿ.

13. ಕುಡಿತ ನಿಂತ ಮೊದಲ ವಾರ

ದಿನಾ ಕುಡಿಯುತ್ತಿದ್ದವರು ಒಮ್ಮೆಲೇ ಬಿಟ್ಟಾಗ 6ರಿಂದ 24 ತಾಸಿನಲ್ಲಿ ಕೈ ನಡುಕ, ಬೆವರು; ಮೊದಲ ಎರಡು ದಿನದಲ್ಲಿ ಫಿಟ್ಸ್; ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣುವುದು, ಕೂಗಾಟ ಬರಬಹುದು. ಅದು ಕುಡಿತದ ಬಿಡುವಿನದೋ, ಲಿವರಿನ ಮಂಪರೋ ಎಂದು ಮನೆಯಲ್ಲಿ ಬೇರ್ಪಡಿಸಲು ಆಗದು. ಕೋಣೆಗೆ ಹಾಕಿ ಚಿಲಕ ಇಡಬೇಡಿ, ಸ್ವಲ್ಪ ಕುಡಿಸಿ ಸುಮ್ಮನಾಗಿಸಲೂ ಬೇಡಿ, ಆಸ್ಪತ್ರೆಗೆ ಒಯ್ಯಿರಿ. ಕುಡಿತ ಬಿಡಿಸುವ ಸಲಹೆಗೆ 14446 ಉಚಿತ ಸಹಾಯವಾಣಿ ಇದೆ. "ಬರೇ ಬಿಯರ್" ಎನ್ನುವವರಿಗೆ ಲೆಕ್ಕ ತೋರಿಸಿ: 8 ಶೇಕಡಾದ 650 ಮಿಲಿ ಸ್ಟ್ರಾಂಗ್ ಬಿಯರಿನಲ್ಲಿ 30 ಮಿಲಿಯ ನಾಲ್ಕು ಪೆಗ್ ವಿಸ್ಕಿಯಷ್ಟು ಮದ್ಯಸಾರ ಇರುತ್ತದೆ.

14. ಹೊರಡುವ ಹೊತ್ತು

ರಕ್ತ ವಾಂತಿ, ಡಾಂಬರು ಸಂಡಾಸು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಹೊಟ್ಟೆಯಲ್ಲಿ ನೀರಿರುವವರಿಗೆ ಜ್ವರ ಅಥವಾ ಹೊಟ್ಟೆ ನೋವು, ಚಳಿಜ್ವರದ ಜೊತೆ ಕಣ್ಣು ಹಳದಿ, ದಿನವಿಡೀ ಮೂತ್ರ ತೀರಾ ಕಡಿಮೆ. ಇವುಗಳಲ್ಲಿ ಯಾವುದಕ್ಕೂ ಬೆಳಗಿನ ಮೊದಲ ಬಸ್ಸಿಗಾಗಿ ಕಾಯುವಂತಿಲ್ಲ. ಇಂಡಿ, ಸಿಂದಗಿ, ಹುನಗುಂದ, ಅಥಣಿ ಕಡೆಯ ಹಳ್ಳಿಗಳವರು, ರೋಗಿ ಆರಾಮ ಇರುವಾಗಲೇ ಒಂದು ವಿಷಯ ವಿಚಾರಿಸಿಡಿ: ರಾತ್ರಿ ಹೊತ್ತು ಎಂಡೋಸ್ಕೋಪಿ ಮಾಡುವ, ರಕ್ತನಿಧಿ ಇರುವ ಹತ್ತಿರದ ಆಸ್ಪತ್ರೆ ಯಾವುದು. ತಾಲ್ಲೂಕು ಕೇಂದ್ರದಲ್ಲಿ ಸಲೈನ್ ಹಚ್ಚಿ ಮುಂದೆ ಕಳಿಸುತ್ತಾರೆ, ಮುಂದೆ ಅಂದರೆ ಎಲ್ಲಿ ಎಂಬುದು ನಿಮಗೆ ಮೊದಲೇ ಗೊತ್ತಿರಲಿ.

ಬಾಗಿಲ ಬಳಿ ಒಂದು ಚೀಲ ತಯಾರಿರಲಿ. ಡಿಸ್ಚಾರ್ಜ್ ಕಾರ್ಡು, ಕೊನೆಯ ರಕ್ತ ವರದಿ, ಎಂಡೋಸ್ಕೋಪಿ ವರದಿ, ಆಯುಷ್ಮಾನ್ ಕಾರ್ಡು, ಆಧಾರ್, ರೇಷನ್ ಕಾರ್ಡು, ಈಗ ನುಂಗುತ್ತಿರುವ ಗುಳಿಗೆಗಳ ಖಾಲಿ ಪಟ್ಟಿಗಳು. ನೋಟ್‌ಬುಕ್ಕನ್ನು ಮಾತ್ರ ಚೀಲಕ್ಕೆ ಹಾಕಬೇಡಿ, ಕೈಯಲ್ಲೇ ಹಿಡಿದುಕೊಳ್ಳಿ. ಕ್ಯಾಷುವಾಲ್ಟಿಯ ವೈದ್ಯರು "ಯಾವಾಗಿಂದ?" ಎಂದಾಗ ಪುಟ ತಿರುವಿ ತೋರಿಸಿ.